ಹವಳದ ಟ್ಯಾಂಕ್‌ಗೆ ಸೊನ್ನೆ ಬೇಡ

ಕೇಳುಗರೇ, ನಮಸ್ಕಾರ. ಇವತ್ತಿನ ಮಾತು ಮನೆಯಲ್ಲಿ ಉಪ್ಪುನೀರಿನ ಟ್ಯಾಂಕ್ ಇಟ್ಟು ಹವಳ ಬೆಳೆಸುವವರಿಗೆ. ಟೆಸ್ಟ್ ಕಿಟ್‌ನಲ್ಲಿ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ ಬಂತು ಅಂದರೆ ತುಂಬ ಜನ ಖುಷಿಪಡುತ್ತಾರೆ. ನನಗೆ ಆ ಸೊನ್ನೆ ಕಂಡರೆ ಗಾಬರಿ.

ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ, ಬೆಳಕು ಹಿಡಿದು ಸಕ್ಕರೆ ಮಾಡಿ ಹವಳಕ್ಕೆ ಉಣಿಸುವುದು ಅದೇ. ಆ ಪಾಚಿಗೆ ಸಾರಜನಕ, ರಂಜಕ ಎರಡೂ ಬೇಕು; ನೈಟ್ರೇಟ್‌ನಿಂದ ಸಾರಜನಕ, ಫಾಸ್ಫೇಟ್‌ನಿಂದ ರಂಜಕ ಸಿಗುತ್ತದೆ. ಸಿಗದಿದ್ದರೆ ಹವಳ ಮೊದಲು ಬಣ್ಣ ಕಳೆದುಕೊಳ್ಳುತ್ತದೆ, ಆಮೇಲೆ ಮೈ ಕಳಚಿ ಬಿಳಿ ಎಲುಬು ಉಳಿಯುತ್ತದೆ. ಸಮುದ್ರದಲ್ಲೂ ಇವು ತೀರಾ ಕಡಿಮೆ ಅಲ್ವಾ ಅಂತ ಕೇಳಬಹುದು. ನಿಜ, ಆದರೆ ಅಲ್ಲಿ ಹಗಲುರಾತ್ರಿ ಪ್ಲಾಂಕ್ಟನ್, ಅಂದರೆ ತೇಲುವ ಸಣ್ಣ ಜೀವಿಗಳು, ತೇಲಿ ಬರುತ್ತಲೇ ಇರುತ್ತದೆ, ಸುತ್ತ ಮೀನುಗಳ ಹಿಂಡೇ ಇರುತ್ತದೆ. ನಮ್ಮ ಗಾಜಿನ ಪೆಟ್ಟಿಗೆಗೆ ನಾವು ಹಾಕಿದ ತಿಂಡಿ ಬಿಟ್ಟರೆ ಹೊರಗಿನಿಂದ ಬರುವುದು ಬಹಳ ಕಡಿಮೆ.

ಸೊನ್ನೆಯ ಇನ್ನೊಂದು ತೊಂದರೆ ಡೈನೋ, ಅಂದರೆ ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ. ಮರಳಿನ ಮೇಲೆ ಕಂದು ಲೋಳೆ, ಅದರಲ್ಲಿ ಗಾಳಿಗುಳ್ಳೆ ಕಂಡರೆ ಅನುಮಾನಪಡಿ. ಬೇರೆ ಪಾಚಿ, ಬ್ಯಾಕ್ಟೀರಿಯಾ ಹಸಿವಿನಿಂದ ಸೊರಗಿದಾಗ ಇದು ಜಾಗ ಹಿಡಿಯುತ್ತದೆ. ಕೆಲವು ಜಾತಿಗಳ ವಿಷಕ್ಕೆ ಬಸವನಹುಳುಗಳು ಸಾಯುತ್ತವೆ.

ಹಾಗಂತ ಜಾಸ್ತಿಯೂ ಬೇಡ. ಫಾಸ್ಫೇಟ್ ತುಂಬ ಏರಿದರೆ ಹವಳದ ಎಲುಬು ಕಟ್ಟುವುದು ನಿಧಾನವಾಗುತ್ತದೆ, ಬಂಡೆಗಳ ಮೇಲೆ ಪಾಚಿ ಕೂದಲಿನ ಹಾಗೆ ಬೆಳೆಯುತ್ತದೆ. ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ), ಫಾಸ್ಫೇಟ್ 0.05ರಿಂದ 0.1 ಪಿಪಿಎಂ ಇದ್ದರೆ ನನಗೆ ಸಮಾಧಾನ. ಸಾರಜನಕಕ್ಕೂ ರಂಜಕಕ್ಕೂ ಇಂತಿಷ್ಟೇ ಪ್ರಮಾಣ ಇರಬೇಕೆಂದು ರೆಡ್‌ಫೀಲ್ಡ್ ಅನುಪಾತ ಹಿಡಿದುಕೊಂಡು ಒದ್ದಾಡುವವರೂ ಇದ್ದಾರೆ. ಆಲ್ಫ್ರೆಡ್ ರೆಡ್‌ಫೀಲ್ಡ್ ಅವರು 1934ರಲ್ಲಿ ಬರೆದದ್ದು ಸಮುದ್ರದ ಪ್ಲಾಂಕ್ಟನ್ ಮತ್ತು ಅದರ ಸುತ್ತಲಿನ ನೀರಿನ ಲೆಕ್ಕ, ಟ್ಯಾಂಕ್ ನಡೆಸುವ ಸೂತ್ರ ಅಲ್ಲ. ಎರಡೂ ಸೊನ್ನೆಗಿಂತ ಮೇಲಿರಲಿ, ವಾರದಿಂದ ವಾರಕ್ಕೆ ಜಿಗಿಯದಿರಲಿ, ನನಗೆ ಅಷ್ಟು ಸಾಕು.

ಜಿಗಿತಕ್ಕೆ ಕಾರಣ ಹೆಚ್ಚಾಗಿ ನಮ್ಮ ಅವಸರ. ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳು, ಅಂದರೆ ಜಿಎಫ್‌ಒ, ಪೂರ್ತಿ ಅಳತೆ ಒಮ್ಮೆಲೇ ಹಾಕಿದರೆ ಫಾಸ್ಫೇಟ್ ಒಂದೆರಡು ದಿನದಲ್ಲೇ ಕುಸಿಯಬಹುದು. ಕಾಲು ಭಾಗದಿಂದ ಶುರು ಮಾಡಿ. ಬಂಡೆ ಮತ್ತು ಮರಳು ಹೀರಿಟ್ಟುಕೊಂಡ ಫಾಸ್ಫೇಟ್ ನಿಧಾನವಾಗಿ ನೀರಿಗೆ ವಾಪಸ್ ಬರುವುದರಿಂದ ಕಡಿಮೆಯಾದದ್ದು ಮತ್ತೆ ಏರುತ್ತದೆ, ಅದಕ್ಕೆ ಹೆದರಬೇಡಿ. ನೈಟ್ರೇಟ್ ಇಳಿಸಲು ವಿನೆಗರ್ ಅಥವಾ ವೋಡ್ಕಾ ಹಾಕಿ ಬ್ಯಾಕ್ಟೀರಿಯಾ ಬೆಳೆಸುವವರು ಇನ್ನೊಂದು ನೆನಪಿಡಿ: ಫಾಸ್ಫೇಟ್ ಪೂರ್ತಿ ಮುಗಿದರೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ನೈಟ್ರೇಟ್ ಇದ್ದಲ್ಲೇ ನಿಲ್ಲುತ್ತದೆ. ನೈಟ್ರೇಟ್, ಫಾಸ್ಫೇಟ್ ತೀರಾ ಕಡಿಮೆ ಇರುವ ಟ್ಯಾಂಕ್‌ನಲ್ಲಿ ಆಲ್ಕಲಿನಿಟಿ, ಅಂದರೆ ಆಮ್ಲವನ್ನು ತಡೆಯುವ ನೀರಿನ ಶಕ್ತಿ, 7ರಿಂದ 8 ಡಿಕೆಎಚ್ (ಅದರ ಅಳತೆಯ ಮಾನ) ಇರಲಿ, 11ಕ್ಕೆ ಏರಿಸಿದರೆ ಆಕ್ರೋಪೋರಾ ಎಂಬ ಕೊಂಬೆ ಹವಳದ ತುದಿಗಳು ಸುಟ್ಟುಹೋಗಬಹುದು.

ಇನ್ನು ನೀರು. ಬೆಂಗಳೂರಿನ ಬೋರ್‌ವೆಲ್ ನೀರನ್ನು ನೇರವಾಗಿ ಹಾಕಬೇಡಿ. ಅಡುಗೆಮನೆಯ ಆರ್‌ಒ ನೀರೂ ಸಾಲದು, ಎಷ್ಟೋ ಮಷೀನುಗಳಲ್ಲಿ ರುಚಿಗಾಗಿ ಮೂಲ ನೀರನ್ನೇ ಸ್ವಲ್ಪ ಬೆರೆಸುತ್ತಾರೆ. ಆರ್‌ಒ ಆದಮೇಲೆ ಡಿಐ ರೆಸಿನ್, ಅಂದರೆ ಉಳಿದ ಲವಣ ಹಿಡಿಯುವ ಹರಳು, ಜೋಡಿಸಿ; ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಸೊನ್ನೆ ಬೇಕಾಗಿರುವುದು ಇಲ್ಲಿ! ಆವಿಯಾದಷ್ಟು ನೀರನ್ನು ಈ ಸಿಹಿನೀರಿನಿಂದಲೇ ತುಂಬಿ, ಉಪ್ಪುನೀರಿನಿಂದ ಬೇಡ.

ಇನ್ನೊಂದು ಮಾತು. ನೇತ್ರಾಣಿಗೋ ಲಕ್ಷದ್ವೀಪಕ್ಕೋ ಹೋದಾಗ ದಯವಿಟ್ಟು ಹವಳ ಮುರಿದು ತರಬೇಡಿ. ನಮ್ಮ ದೇಶದಲ್ಲಿ ಬಂಡೆ ಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಈಗಾಗಲೇ ನೈಟ್ರೇಟ್, ಫಾಸ್ಫೇಟ್ ಸೊನ್ನೆ ಬಂದಿದ್ದರೆ ತಕ್ಷಣ ಪೋಷಕಾಂಶದ ಬಾಟಲಿಗೆ ಕೈ ಹಾಕಬೇಡಿ. ಮೊದಲು ಜಿಎಫ್‌ಒ ತೆಗೆಯಿರಿ, ಮೀನಿಗೆ ತಿಂಡಿ ಸ್ವಲ್ಪ ಜಾಸ್ತಿ ಹಾಕಿ, ನೊರೆಯಲ್ಲಿ ಕೊಳೆ ತೆಗೆಯುವ ಸ್ಕಿಮ್ಮರ್ ಓಡುವ ಹೊತ್ತು ಕಡಿಮೆ ಮಾಡಿ. ಒಂದು ವಾರ ಕಾದು ಮತ್ತೆ ಟೆಸ್ಟ್ ಮಾಡಿ. ಆಗಲೂ ಸೊನ್ನೆ ಇದ್ದರೆ ಮಾತ್ರ ಸೋಡಿಯಂ ನೈಟ್ರೇಟ್, ಫಾಸ್ಫೇಟ್ ದ್ರಾವಣವನ್ನು ಅಳೆದು, ಹನಿಹನಿಯಾಗಿ ಹಾಕಿ. ನಮಸ್ಕಾರ.