ಉಣ್ಣೆ ಹುಡುಕುವವರು, ಚಿತ್ತಾರ ಹುಡುಕುವವರು

ಕೇಳುಗರೇ, ನಮಸ್ಕಾರ.

ಅಡಿಕೆ ಕೊಯ್ಲು ಮುಗಿಯುತ್ತ ಬಂದಂತೆ ಸಿದ್ದಾಪುರ, ಶಿರಸಿ ಕಡೆಗೆ ಎರಡು ಥರದ ಸಂಶೋಧಕರು ಬರುತ್ತಾರೆ. ಒಬ್ಬರ ಕೈಯಲ್ಲಿ ಬಿಳಿ ಫ್ಲಾನೆಲ್ ಬಟ್ಟೆ, ಚಿಮಟ, ಪುಟ್ಟ ಪುಟ್ಟ ಗಾಜಿನ ಕುಪ್ಪಿ. ಬಟ್ಟೆಯನ್ನು ಕೋಲಿಗೆ ಕಟ್ಟಿ ಕಾಡಿನ ನೆಲದ ಮೇಲೆ ಎಳೆದುಕೊಂಡು ಹೋಗುತ್ತಾರೆ. ಸ್ವಲ್ಪ ದೂರ ಹೋಗಿ ಬಟ್ಟೆ ಮಗುಚಿ ನೋಡುತ್ತಾರೆ. ಅಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಹರಿದಾಡುತ್ತಿರುತ್ತವೆ. ಅವು ರಕ್ತ ಹೀರುವ ಉಣ್ಣೆ ಹುಳದ ಮರಿಗಳು. ಚಿಮಟದಲ್ಲಿ ಒಂದೊಂದನ್ನೇ ಹಿಡಿದು ಕುಪ್ಪಿಗೆ ಹಾಕಿ, ಜಾಗದ ಹೆಸರು, ತಾರೀಖು ಬರೆದು ಅಂಟಿಸುತ್ತಾರೆ.

ಇನ್ನೊಬ್ಬರ ಕೈಯಲ್ಲಿ ಕ್ಯಾಮೆರಾ, ರೆಕಾರ್ಡರ್, ಅಳತೆ ಟೇಪು. ಅವರು ದೀವರ ಸಮುದಾಯದ ಮನೆಗಳ ಗೋಡೆ ನೋಡಲು ಬಂದವರು. ಮದುವೆ ಕಾಲ ಅಲ್ವಾ, ಮದುಮಕ್ಕಳು ಕೂರುವ ಹಸೆ ಗೋಡೆಗೆ ಚಿತ್ತಾರ ಬರೆಯುವುದು ಆಗಲೇ.

ಇಬ್ಬರೂ ಇಳಿಯುವುದು ಒಂದೇ ಬಸ್‌ಸ್ಟ್ಯಾಂಡಿನಲ್ಲಿ. ಎಷ್ಟೋ ಸಲ ಹೋಗುವುದೂ ಒಂದೇ ಮನೆಗೆ. ಆದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿದ್ದನ್ನು ನಾನಂತೂ ಕಂಡಿಲ್ಲ. ಇವತ್ತು ಅದರ ಬಗ್ಗೆ ನಾಲ್ಕು ಮಾತು.

ಮೊದಲು ಉಣ್ಣೆಯ, ಅದು ಹರಡುವ ಮಂಗನ ಕಾಯಿಲೆಯ ಕಥೆ. 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೆ ಒಂದು ಸತ್ತವು. ಸುತ್ತಲ ಊರಿನವರು ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಆಗ ಐದೇ ವರ್ಷ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ ಶುರು ಮಾಡಿದ ಕೇಂದ್ರ ಅದು. ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ, ಪಿ.ಕೆ. ರಾಜಗೋಪಾಲನ್ ಮೊದಲಾದವರು ಈ ಕೆಲಸಕ್ಕೆ ಇಳಿದರು. ಮಂಗ ಸಾಯುತ್ತಿವೆ, ಜನಕ್ಕೆ ಜ್ವರ ಅಂದ ಕೂಡಲೇ ಎದ್ದ ಗುಮಾನಿ ಹಳದಿ ಜ್ವರದ್ದು. ಆಫ್ರಿಕಾ, ದಕ್ಷಿಣ ಅಮೆರಿಕದ ಆ ರೋಗ ಭಾರತಕ್ಕೆ ಕಾಲಿಟ್ಟಿರಲಿಲ್ಲ. ಈಗ ಬಂದೇಬಿಟ್ಟಿತೇ ಎಂದು ಗಾಬರಿ. ಸಿಕ್ಕಿದ ವೈರಸ್ ಮಾತ್ರ ಬೇರೆಯೇ ಇತ್ತು. ರಷ್ಯಾದ ಕಾಡುಗಳಲ್ಲಿ ಉಣ್ಣೆ ಹರಡುವ ಮಿದುಳು ಜ್ವರ ಇದೆಯಲ್ಲ, ಅದರ ಹತ್ತಿರದ ಬಂಧು. ಅಷ್ಟು ದೂರದ ನಾಡಿನ ಬಂಧು ಇಲ್ಲಿಗೆ ಹೇಗೆ ಬಂತು? ವಲಸೆ ಹಕ್ಕಿಗಳು ಹೊತ್ತು ತಂದವೇ ಎಂಬ ಅನುಮಾನ ಬಂತು. ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿದ ಕೆಲಸದ ಹಿಂದೆ ಈ ಅನುಮಾನವೂ ಇತ್ತು. ವೈರಸ್ ಅಧ್ಯಯನದಿಂದ ಹಕ್ಕಿಶಾಸ್ತ್ರಕ್ಕೆ ಲಾಭವಾಯಿತು ನೋಡಿ.

ನಾವು ಮಂಗನ ಕಾಯಿಲೆ ಅನ್ನುತ್ತೇವೆ. ಪಾಪ, ಮಂಗ ನಮಗಿಂತ ಮೊದಲು ಸಾಯುವ ಪ್ರಾಣಿ. ಮುಸಿಯ, ಕೆಂಪು ಮಂಗ ಎರಡೂ ಸಾಯುತ್ತವೆ. ಹರಡುವುದು ಉಣ್ಣೆ. ಈ ಉಣ್ಣೆ ತನ್ನ ಬಾಳಿನಲ್ಲಿ ಮೂರು ಹಂತ ದಾಟುತ್ತದೆ, ಒಂದೊಂದು ಹಂತದಲ್ಲಿ ಒಂದೊಂದು ಸಲ ರಕ್ತ ಕುಡಿಯುತ್ತದೆ. ಮಳೆಗಾಲ ಕಳೆದ ಮೇಲೆ ಮೊಟ್ಟೆಯಿಂದ ಬಂದ ಮರಿ ಇಲಿ, ಹೆಗ್ಗಣ, ಹಕ್ಕಿ, ಮಂಗಗಳ ಮೈಗೆ ಹತ್ತುತ್ತದೆ. ಎರಡನೇ ಹಂತದ ಮರಿ ಡಿಸೆಂಬರಿನಿಂದ ಏಪ್ರಿಲ್, ಮೇವರೆಗೆ ಒಣಗಿದ ಎಲೆಯ ಮೇಲೆ ಕಾಯುತ್ತ ಕೂರುತ್ತದೆ. ಮನುಷ್ಯರಿಗೆ ಕಚ್ಚುವುದು ಜಾಸ್ತಿ ಇದೇ. ದೊಡ್ಡದಾದ ಮೇಲೆ ಮಳೆಗಾಲದಲ್ಲಿ ದನಕರುಗಳ ಮೈ ಹಿಡಿಯುತ್ತದೆ. ದನಕ್ಕೆ ಕಾಯಿಲೆ ಬರುವುದಿಲ್ಲ. ಆದರೆ ಉಣ್ಣೆಯ ಸಂತಾನ ಬೆಳೆಯುವುದು ದನದ ರಕ್ತದಿಂದ. ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣ್ಣೆಗಳೆಲ್ಲ ಇಳಿದು ಸುತ್ತಲ ನೆಲಕ್ಕೆ ಹರಡುತ್ತವೆ. ಅದಕ್ಕೇ ಆರೋಗ್ಯ ಇಲಾಖೆಯವರು ಆ ಜಾಗಕ್ಕೆ ಪುಡಿ ಹಾಕುವುದು, ಹೆಣ ಸುಡುವುದು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಕಾಯಿಲೆಯವರ ಪಕ್ಕ ಕೂತು ಗಂಜಿ ಕುಡಿಸಲು ಹೆದರಬೇಕಿಲ್ಲ.

ಇನ್ನು ನನಗೆ ಬಹಳ ಮುಖ್ಯ ಅನಿಸುವ ವಿಷಯ. ಬೋಷೆಲ್ ಎಂಬ ವಿಜ್ಞಾನಿ 1969ರಲ್ಲೇ ಬರೆದರು: ಕಾಡು ಕಡಿದು ಗದ್ದೆ ಮಾಡಿದ ಕಡೆ, ದನ ಮೇಯಲು ಬಿಟ್ಟ ಕಡೆ ಈ ಕಾಯಿಲೆಗೆ ದಾರಿಯಾಗಿದೆ ಅಂತ. 1980ರ ದಶಕದಲ್ಲಿ ಬೆಳ್ತಂಗಡಿ ಕಡೆ ಕಾಯಿಲೆ ಎದ್ದಾಗ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಅದನ್ನು ಅಭಿವೃದ್ಧಿಯ ಕಾಯಿಲೆ ಎಂದೇ ಕರೆದರು. 2020ರಲ್ಲಿ ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಸೇರಿ ಹೊರತಂದ ಅಧ್ಯಯನವೂ ಹತ್ತಿರ ಹತ್ತಿರ ಇದನ್ನೇ ಹೇಳಿತು. ದಟ್ಟ ಕಾಡಿನ ನಡುವೆ ಅಷ್ಟಿಲ್ಲ. ಕಾಡು, ತೋಟ, ಗದ್ದೆ, ಪ್ಲಾಂಟೇಶನ್ ಒಂದರೊಳಗೊಂದು ಸೇರಿಕೊಂಡ ಕಡೆ ಅಪಾಯ ಜಾಸ್ತಿ. ಸಿದ್ದಾಪುರದಿಂದ ಹೊನ್ನಾವರಕ್ಕೆ ಘಟ್ಟ ಇಳಿಯುವಾಗ ಬಸ್ಸಿನ ಕಿಟಕಿಯಿಂದ ಕಾಣುವುದು ಅದೇ ಅಲ್ವಾ?

ದಶಕಗಳ ಕಾಲ ನಮ್ಮ ಐದು ಜಿಲ್ಲೆಗಳ ಕಾಯಿಲೆಯಾಗಿದ್ದ ಇದು ಆಮೇಲೆ ಘಟ್ಟದ ಉದ್ದಕ್ಕೂ ಹೋಯಿತು. 2012ರ ಹೊತ್ತಿಗೆ ಬಂಡೀಪುರ, 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ದೋಡಾಮಾರ್ಗ. ಲಸಿಕೆ ಇತ್ತು. ಎರಡು ಡೋಸ್, ಮೇಲೆ ಬೂಸ್ಟರ್. ಚುಚ್ಚಿದರೆ ತೋಳು ಎರಡು ದಿನ ಎತ್ತಲಾಗುತ್ತಿರಲಿಲ್ಲ, ಹಾಗಾಗಿ ಬೂಸ್ಟರ್ ದಿನ ಅರ್ಧ ಊರೇ ಕೆಲಸದ ನೆಪ ಹೇಳಿ ನಾಪತ್ತೆ. ಎರಡು ಡೋಸಿನಿಂದ ಸಿಗುವ ರಕ್ಷಣೆ ನೂರಕ್ಕೆ 62ರ ಸುಮಾರು, ಬೂಸ್ಟರ್ ತಗೊಂಡರೆ 83ರ ಸುಮಾರು ಎಂದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಕೊಟ್ಟಿತು. ಆ ಹಳೇ ಲಸಿಕೆಯನ್ನು ಈಗ ಕೊಡುತ್ತಿಲ್ಲ. ಹೊಸದರ ಕೆಲಸ ನಡೆದಿದೆ. ಸದ್ಯಕ್ಕೆ ಕೈಲಿರುವುದು ಉಣ್ಣೆ ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ, ಮೈ ಮುಚ್ಚುವ ಬಟ್ಟೆ, ಮನೆಗೆ ಬಂದ ಮೇಲೆ ಬಿಸಿನೀರು, ಸೋಪು.

ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಒಂದು ಮಾತಿದೆ. ಶಿವಮೊಗ್ಗ ಜಿಲ್ಲೆಯಲ್ಲಿ ಮಾಡಿದ್ದು. ಕಾಡಿಗೆ ಹೋಗುವವರಿಗೆ ಅಪಾಯ ಎಂಬುದು ಗೊತ್ತಿದ್ದದ್ದೇ. ಮನೆ ಸುತ್ತ ಒಣ ಎಲೆ ರಾಶಿ ಹಾಕಿಕೊಂಡವರಿಗೂ ಅಪಾಯ ಎಂದು ಅದರಲ್ಲಿ ಕಂಡುಬಂತು.

ಒಣ ಎಲೆ ಅಂದರೆ ನಮ್ಮ ದರಕು. ಕರಾವಳಿಯ ಕೇಳುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಅಂತ ಕಾಡಿನ ಪಾಲು ಇರುತ್ತದೆ. ಮಳೆಗಾಲಕ್ಕೆ ಮುಂಚೆ ಹಸಿಸೊಪ್ಪು, ಬೇಸಿಗೆಯಲ್ಲಿ ದರಕು ಅಲ್ಲಿಂದಲೇ ಬರಬೇಕು. ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ, ತೋಟಕ್ಕೆ ಹಾಕುವುದು. ಬೆಳಗಿನ ಜಾವ ಇಬ್ಬನಿ ಇರುವಾಗಲೇ ಹೆಂಗಸರು ಹೊರಡುತ್ತಾರೆ, ಇಬ್ಬನಿಗೆ ಎಲೆ ಮೆತ್ತಗಿದ್ದರೆ ಪುಡಿಯಾಗುವುದಿಲ್ಲ. ಗುಡಿಸಿ, ಒಟ್ಟಿ, ಕಾಲಿನಿಂದ ತುಳಿದು ಬುಟ್ಟಿಗೆ ಒತ್ತಿ ತುಂಬಿ, ತಲೆ ಮೇಲೆ ಹೊತ್ತು ತರುತ್ತಾರೆ. ಹೊತ್ತ ಬುಟ್ಟಿಯಿಂದ ಧೂಳು, ಎಲೆಪುಡಿ ಕತ್ತಿನ ಹಿಂದೆ, ಬೆನ್ನಿಗೆ ಇಳಿಯುತ್ತದೆ. ಅದರ ಜೊತೆ ಏನು ಇಳಿಯುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ತಂದ ರಾಶಿಯ ಮೇಲೆ ಮಕ್ಕಳು ಕುಣಿಯುತ್ತವೆ. ತೋಟದ ಗೊಬ್ಬರ ತೋಟದವರಿಗೆ, ಉಣ್ಣೆ ಕಡಿತ ಕೂಲಿಯವರಿಗೆ. ಇದು ಕಹಿ ಮಾತು, ಆದರೆ ನಾನು ಹೇಳಲೇಬೇಕು.

ಬೆಳಿಗ್ಗೆ ದರಕು ತಂದ ಅದೇ ಕೈ ಮಧ್ಯಾಹ್ನದ ಮೇಲೆ ಚಿತ್ತಾರಕ್ಕೆ ಕೂರುತ್ತದೆ. ಗೋಡೆಗೆ ಮೊದಲು ಕೆಮ್ಮಣ್ಣು ಸಾರಿಸಿಯಾಗಿರುತ್ತದೆ. ಬಿಳಿಗೆ ನೆನೆಸಿ ಅರೆದ ಅಕ್ಕಿ. ಕಪ್ಪಿಗೆ ಸುಟ್ಟ ಅಕ್ಕಿ. ಹಳದಿಗೆ ಕಾಡಿನ ಗುರಿಗೆ ಕಾಯಿ. ಕುಂಚ ಅಂದರೆ ಪುಂಡಿ ನಾರು, ಅಷ್ಟೇ. ಸ್ಕೇಲಿಲ್ಲ, ಪೆನ್ಸಿಲ್ ಗುರುತಿಲ್ಲ. ಉಸಿರು ಹಿಡಿದು ಒಂದೇ ಸಲಕ್ಕೆ ಗೆರೆ ಎಳೆಯುತ್ತಾರೆ. ಗೆರೆಗೆ ಗೆರೆ ಸೇರಿ ಚೌಕ, ಚೌಕದೊಳಗೆ ಏಣಿ, ಭತ್ತದ ಸಸಿ, ನಡುವೆ ತ್ರಿಕೋನದ ಮದುಮಕ್ಕಳು. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಇದೇ ಚಿತ್ತಾರ ಬರೆಯುತ್ತಾರೆ. ಬೆಳೆದು ನಿಂತ ಪೈರಿಗೆ ಬಯಕೆಯ ಊಟ ಒಯ್ಯುವ ಬುಟ್ಟಿ ಅದು.

ಈ ಕಲೆ ಈಗ ಊರಂಚಿಗೆ ಬಂದಿದೆ. ಶಿರಸಿ, ಸಿದ್ದಾಪುರ, ಸಾಗರದ ಹೊರವಲಯದಲ್ಲಿ ಸೈಟು, ಆಶ್ರಯ ಮನೆ, ಸಿಮೆಂಟ್ ಗೋಡೆ. ಸಿಮೆಂಟಿಗೆ ಅಕ್ಕಿಹಿಟ್ಟು ನಿಲ್ಲುವುದಿಲ್ಲ, ಒಣಗಿ ಉದುರುತ್ತದೆ. ಅದಕ್ಕೆ ಪೇಂಟು ಬಂತು. ಆಮೇಲೆ ಪ್ಲೈವುಡ್ಡು, ಕಾಗದ, ಫ್ರೇಮು. ಕೆಲವು ಸಂಶೋಧಕರಿಗೆ ಇದು ಕಲೆಯ ಸಾವು. ನನಗೆ ಹಾಗೆ ಅನಿಸುವುದಿಲ್ಲ. ಫ್ರೇಮಿಗೆ ಹಾಕಿದ ಚಿತ್ತಾರಕ್ಕೆ ದುಡ್ಡು ಬರುತ್ತದೆ, ದುಡ್ಡು ಹೆಂಗಸಿನ ಕೈಗೆ ಬರುತ್ತದೆ. ದರಕಿನ ಕೂಲಿ ಬಿಟ್ಟು ಚಿತ್ತಾರ ಹಿಡಿದರೆ ಒಂದು ಚಳಿಗಾಲವಾದರೂ ಬೆನ್ನಿಗೆ ಉಣ್ಣೆ ಇಳಿಯುವುದಿಲ್ಲ. ಕಲೆಯ ಬಗ್ಗೆ ಬರೆಯುವವರು ಈ ಲೆಕ್ಕ ಹಾಕಿದರೆ ಒಳ್ಳೆಯದಿತ್ತು.

ಹಳೇ ಬದುಕು, ಹೊಸ ಊರಂಚು ಎದುರಾಗುವ ಇಂಥ ಜಾಗಗಳು ಘಟ್ಟದ ಕೆಳಗೂ ಇವೆ. ಕಾರವಾರದಲ್ಲಿ ನೌಕಾನೆಲೆಗೆ ಊರು ಬಿಟ್ಟುಕೊಟ್ಟವರು ತೋಡೂರು, ಹಾರವಾಡದಂಥ ಕಾಲನಿಗಳಿಗೆ ಬಂದು ನೆಲೆಸಿದರು. ಅಂಕೋಲೆಯ ಹಾಲಕ್ಕಿ ಸಮುದಾಯದವರ ಸುಗ್ಗಿ ಮೇಳ ತುರಾಯಿ ಕಟ್ಟಿಕೊಂಡು ಮನೆ ಮನೆಗೆ ಹೋಗುವ ಹಾದಿಯಲ್ಲಿ ಈಗ ಚತುಷ್ಪಥ ಹೆದ್ದಾರಿ ಅಡ್ಡ. ಅದೇ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರ ಹಾಡುಗಳಿಗೆ 2017ರಲ್ಲಿ ಪದ್ಮಶ್ರೀ ಬಂತು. ಅದಕ್ಕೂ ಬಹಳ ಮುಂಚೆ ಕುಮಟೆಯ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಅಂಥವರು ಹಾಡು, ಕಥೆಗಳನ್ನು ಬರೆದಿಟ್ಟುಕೊಂಡರು. ಅವರ ಬರಹ ಇಲ್ಲದಿದ್ದರೆ ಇವತ್ತಿನ ಪಿಎಚ್‌ಡಿಗಳು ಎಲ್ಲಿಂದ ಶುರುವಾಗಬೇಕಿತ್ತೋ.

ಎರಡೂ ಕಡೆ ಕಾಲಿಟ್ಟವರು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಹೊನ್ನಾವರದ ಕೃಷ್ಣಾನಂದ ಕಾಮತರು ಓದಿದ್ದು ವಿಜ್ಞಾನ. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಕರಾವಳಿಯ ಕಾವಿ ಕಲೆಯನ್ನು ದಾಖಲು ಮಾಡಿದವರಲ್ಲಿ ಅವರು ಮುಖ್ಯರು. ಚಿಪ್ಪು ಸುಟ್ಟ ಸುಣ್ಣ, ಮರಳು, ಬೆಲ್ಲದ ನೀರು ಸೇರಿಸಿ ಕೊಳೆಸಿದ ಗಾರೆ. ಅದರ ಮೇಲೆ ಕಾವಿಯ ಕೆಂಪು ಪದರ. ಹಸಿ ಇರುವಾಗಲೇ ಚೂಪು ಕಡ್ಡಿಯಿಂದ ಕೆರೆದರೆ ಕೆಳಗಿನ ಬಿಳಿ ಏಳುತ್ತದೆ, ಚಿತ್ರವಾಗುತ್ತದೆ. ಇದನ್ನು ಕಾಮತರು ವಿಜ್ಞಾನಿಯ ಕಣ್ಣಿನಿಂದಲೇ ನೋಡಿದರು, ಯಾವ ವಸ್ತು, ಎಷ್ಟು ದಿನ ಕೊಳೆಸಬೇಕು ಎಂದೆಲ್ಲ. ಶಿರಸಿಯ ಮಾರಿಕಾಂಬೆ ಗುಡಿಯ ಗೋಡೆಯಲ್ಲಿ ಕಾವಿ ಚಿತ್ರಗಳಿವೆ, ನೋಡದಿದ್ದವರು ಹೋಗಿ ನೋಡಿ. ರೋಗರುಜಿನದ ಭಯಕ್ಕೆ ನಮ್ಮ ಹಿರಿಯರು ಹರಕೆ ಹೊತ್ತ ತಾಯಿ, ಅವಳ ಮನೆಗೇ ಈ ಚಂದದ ಗೋಡೆ.

ಸಿದ್ದಾಪುರದ ಹತ್ತಿರದ ಒಂದು ಮನೆಯಲ್ಲಿ ವಯಸ್ಸಾದ ಅಮ್ಮ ಒಬ್ಬರು ನನಗೆ ಹೇಳಿದ ಮಾತು ಇದು: "ಹೋದ ವರ್ಷ ರಕ್ತ ತಗಂಡು ಹೋದ್ರು, ಈ ವರ್ಷ ಫೋಟೋ ತಗಂಡು ಹೋದ್ರು. ಇನ್ನೇನ್ ಬಾಕಿ ಐತೆ ತಗಂಡು ಹೋಗಕೆ?" ಅವರು ನಗುತ್ತಲೇ ಹೇಳಿದರು. ನಾನೂ ನಕ್ಕೆ. ರಕ್ತದ ವರದಿ ಏನಾಯಿತು ಅಮ್ಮ ಅಂದರೆ, "ಯಾರಿಗ್ ಗೊತ್ತು ತಮ್ಮಾ" ಅಂದರು. ಫೋಟೋ ಇರುವ ಪುಸ್ತಕ? ಅದೂ ಬಂದಿಲ್ಲ.

ನನ್ನ ದೂರು ಇಷ್ಟೇ. ಚಿತ್ತಾರದವರ ರೆಕಾರ್ಡಿಂಗಿನಲ್ಲಿ ವೈರಸ್‌ನವರಿಗೆ ಬೇಕಾದದ್ದು ತುಂಬ ಇದೆ. ಗುರಿಗೆ ಕಾಯಿಗೆ ಯಾವ ಹಾದಿಯಲ್ಲಿ ಹೋಗುತ್ತಾರೆ, ಜೊತೆಗೆ ಯಾವ ಮಕ್ಕಳು ಹೋಗುತ್ತವೆ, ಎಷ್ಟು ಹೊತ್ತು ಅಲ್ಲಿ ಕೂರುತ್ತಾರೆ, ಎಲ್ಲ ಮಾತಿನ ನಡುವೆ ಬಂದಿರುತ್ತದೆ. ಹೌದು, ಇಲ್ಲ ಎಂದು ಗುರುತು ಹಾಕುವ ಫಾರ್ಮಿನಲ್ಲಿ ಅದು ಬರುವುದಿಲ್ಲ. ಚಿತ್ತಾರದವರಿಗೂ ಅಷ್ಟೇ. ಒಂದು ಮನೆಯಲ್ಲಿ ಈ ವರ್ಷ ಗೋಡೆ ಖಾಲಿ ಯಾಕೆ ಎಂದು ತಲೆ ಕೆಡಿಸಿಕೊಳ್ಳುವ ಮೊದಲು, ಆ ಮನೆಯಲ್ಲಿ ಫೆಬ್ರವರಿಯಲ್ಲಿ ಯಾರು ಜ್ವರ ಬಂದು ಮಲಗಿದ್ದರು ಎಂದು ಕೇಳಬೇಕಿತ್ತು. ಈ ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ಸುಸ್ತು. ನಾರಿನ ಕುಂಚ ಹಿಡಿಯಲು ಕೈಗೆ ಎಲ್ಲಿಯ ಶಕ್ತಿ?

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಇಬ್ಬರನ್ನೂ ಸೇರಿಸಿ ಅಂದ ಕೂಡಲೇ ನಮ್ಮವರಿಗೆ ಹೊಳೆಯುವುದು ಒಂದೇ: ಆಸ್ಪತ್ರೆ ಕಂಪೌಂಡಿಗೆ ಚಿತ್ತಾರ ಶೈಲಿಯಲ್ಲಿ ಮಂಗ, ಉಣ್ಣೆ ಬರೆಸಿ ಜಾಗೃತಿ ಫಲಕ ಮಾಡುವುದು. ಬೇಡ ಮಾರಾಯ್ರೇ. ಮದುವೆ ಗೋಡೆಯ ಗೆರೆಗೆ ಉಣ್ಣೆ ತಂದು ಕೂರಿಸಬೇಡಿ. ಆ ಹೆಂಗಸರನ್ನು ಬಣ್ಣ ಹಚ್ಚಲು ಕರೆಯುವ ಬದಲು, ಅಧ್ಯಯನದ ಪ್ರಶ್ನೆ ಬರೆಯುವಾಗ ಮೇಜಿನ ಮುಂದೆ ಕೂರಿಸಿಕೊಳ್ಳಿ. ದರಕಿಗೆ ಬದಲು ಕೊಟ್ಟಿಗೆಗೆ ಏನು ಹಾಸಬಹುದು, ರಾಶಿಯನ್ನು ಮನೆಯಿಂದ ಎಷ್ಟು ದೂರ ಇಟ್ಟರೆ ಕೆಲಸಕ್ಕೆ ತೊಂದರೆ ಆಗುವುದಿಲ್ಲ, ಎಣ್ಣೆ ಹಚ್ಚಿಕೊಂಡರೆ ಬೆವರಿಗೆ ಎಷ್ಟು ಹೊತ್ತು ನಿಲ್ಲುತ್ತದೆ, ಇದೆಲ್ಲ ಅವರಿಗೆ ಗೊತ್ತು.

ಈ ಚಳಿಗಾಲ ನಿಮ್ಮ ಮನೆಗೂ ಯಾರಾದರೂ ಫಾರ್ಮ್ ಹಿಡಿದು ಬರಬಹುದು. ಕೂರಿಸಿ, ಚಹಾ ಕೊಡಿ, ಗೊತ್ತಿದ್ದದ್ದು ಹೇಳಿ. ಸಹಿ ಹಾಕುವ ಮುಂಚೆ ಮಾತ್ರ ಎರಡು ಮಾತು ಕೇಳಿ. ರಕ್ತದ ವರದಿ ಯಾವಾಗ ಕೈಗೆ ಕೊಡುತ್ತೀರಿ? ಬರೆದದ್ದನ್ನು ಕನ್ನಡದಲ್ಲಿ ತಂದು ಓದಿ ಹೇಳುತ್ತೀರಾ? ಅವರ ಫೋನ್ ನಂಬರನ್ನು ಕ್ಯಾಲೆಂಡರಿನ ಹಿಂದೆ ಬರೆಸಿಕೊಳ್ಳಿ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆಶಾ ಕಾರ್ಯಕರ್ತೆಗೋ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಅವತ್ತೇ ಹೇಳಿ. ನಮಸ್ಕಾರ.