ಐದು ಆಂಪಿಯರಿನ ಲೆಬನಾನ್

ಕೇಳುಗರಿಗೆ ನಮಸ್ಕಾರ.

ಲೆಬನಾನಿನಲ್ಲಿ ಸರ್ಕಾರವೇ ಒಪ್ಪಿದ 18 ಧಾರ್ಮಿಕ ಪಂಗಡಗಳಿವೆ. ಸಂಸತ್ತಿನ 128 ಸ್ಥಾನಗಳೂ ಪಂಗಡವಾರು ಹಂಚಿಕೆ. ಈ ಲೆಕ್ಕ ಎಲ್ಲಿ ಕೆಡುತ್ತದೋ ಎಂದು 1932ರ ನಂತರ ಜನಗಣತಿಯ ಗೊಡವೆಗೇ ಹೋಗಿಲ್ಲ. ಆದರೆ ಪಂಗಡ ಯಾವುದಾದರೇನು, ಮನೆಗೆ ಕರೆಂಟ್ ಬಿಲ್ಲು ಬರುವುದು ಎರಡು: ಒಂದು ಸರ್ಕಾರದ್ದು, ಇನ್ನೊಂದು, ಸರ್ಕಾರದ ಕರೆಂಟ್ ಇಲ್ಲದ ಹೊತ್ತಿಗೆ ಕರೆಂಟ್ ಮಾರುವ ಬೀದಿಯ ಜನರೇಟರ್ ಮಾಲೀಕನದ್ದು.

ಮಾಲೀಕ ಮಾರುವುದು ಆಂಪಿಯರ್ ಲೆಕ್ಕದಲ್ಲಿ. ಸಾಧಾರಣ ಮನೆಗೆ ಐದು ಆಂಪಿಯರ್, ಅಂದರೆ 220 ವೋಲ್ಟಿನಲ್ಲಿ 1,100 ವ್ಯಾಟ್. ನಮ್ಮಲ್ಲಿ ಬಚ್ಚಲಿನ ಗೀಸರ್ ಒಂದಕ್ಕೇ 2,000 ಬೇಕು! ಫ್ರಿಜ್, ನಾಲ್ಕು ದೀಪ, ಟಿವಿ, ಇಂಟರ್ನೆಟ್ ಡಬ್ಬಿ, ಇಷ್ಟು ನಡೆಯುತ್ತದೆ. ಇಸ್ತ್ರಿಪೆಟ್ಟಿಗೆ ಹಾಕಿದರೋ, ಬ್ರೇಕರ್ ಬಿತ್ತೆಂದೇ ಅರ್ಥ. ಫ್ರಿಜ್ಜಿನ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಕೆಲವು ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ. ಅದೇ ಹೊತ್ತಿಗೆ ಮೈಕ್ರೊವೇವ್ ಓಡುತ್ತಿದ್ದರೂ ಅದೇ ಗತಿ. ಬ್ರೇಕರ್ ಇರುವುದು ಕೆಳಗಡೆ, ಲಿಫ್ಟ್ ನಿಂತಿರುತ್ತದೆ. ಆರನೇ ಮಹಡಿಯವರೂ ಮೆಟ್ಟಿಲಿಳಿಯಬೇಕು.

2021ರ ಅಕ್ಟೋಬರಿನಲ್ಲಿ ಇಂಧನವಿಲ್ಲದೆ ದೇಶದ ಎರಡು ದೊಡ್ಡ ವಿದ್ಯುತ್ ಸ್ಥಾವರಗಳು, ದೇರ್ ಅಮ್ಮಾರ್ ಮತ್ತು ಜಹ್ರಾನಿ, ನಿಂತೇಹೋದವು. ಅದೇ ವರ್ಷ ಔಷಧಿ ಅಂಗಡಿಗಳೂ ಬರಿದಾಗಿದ್ದವು. ಆಗ ಕೈಹಿಡಿದವರು ಹೊರದೇಶದಲ್ಲಿದ್ದ ಬಂಧುಗಳು: ಬಿ.ಪಿ. ಮಾತ್ರೆಯಿಂದ ಹಿಡಿದು ಮಗುವಿನ ಹಾಲಿನ ಪುಡಿಯವರೆಗೆ ಸೂಟ್‌ಕೇಸಿನಲ್ಲಿ ಬಂತು. ಇನ್ಸುಲಿನ್ ಮಾತ್ರ ಕಷ್ಟ. ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು, ತಂದು ತಲುಪಿಸಿದರೂ ಮನೆಯ ಫ್ರಿಜ್ ಓಡಬೇಕಲ್ಲ?

ದುಡ್ಡಿನ ದಾರಿಯೂ ಬದಲಾಯಿತು. ಒಂದು ಡಾಲರಿಗೆ ಸುಮಾರು 1,500 ಲೀರಾ ಎಂದು ಎರಡು ದಶಕ ನಿಂತಿದ್ದ ದರ ಕುಸಿದು 89,500ಕ್ಕೆ ಬಂತು. 2019ರಿಂದ ಬ್ಯಾಂಕುಗಳು ಡಾಲರ್ ಖಾತೆಗಳಿಗೆ ಕಡಿವಾಣ ಹಾಕಿದವು. ವಲಸೆ ಹೋದವರು ಊರಿನ ಬ್ಯಾಂಕಿನಲ್ಲಿಟ್ಟಿದ್ದ ಉಳಿತಾಯವೂ ಅಲ್ಲೇ ಸಿಕ್ಕಿಬಿತ್ತು. ಹಾಗಾಗಿ ಈಗ ನಂಬಿಕೆಯೆಲ್ಲ ನಗದಿನ ಮೇಲೆ: ಹಣ ರವಾನೆ ಅಂಗಡಿ, ಇಲ್ಲವೇ ಬೇಸಿಗೆ ರಜೆಗೆ ಬರುವವರ ಜೇಬು.

ಹೀಗೆ ಜನ ತಾವೇ ದಾರಿ ಹುಡುಕಿಕೊಂಡದ್ದನ್ನು ಹೊಗಳುವಾಗ ಕೊಂಚ ಎಚ್ಚರ ಬೇಕು. ಮನೆಮನೆಯೂ ತನ್ನ ದಾರಿ ತಾನು ನೋಡಿಕೊಂಡಷ್ಟೂ ಆಳುವವರು ಆರಾಮಾಗಿ ಕೂತರು. ಡಾಲರ್ ಕಳಿಸುವವರಿಗೆ ಹೊರದೇಶದಿಂದಲೇ ಸಂಸತ್ತಿಗೆ ಮತ ಹಾಕುವ ಅವಕಾಶ ಮೊದಲು ಸಿಕ್ಕಿದ್ದು 2018ರಲ್ಲಿ. ಪೌರತ್ವಕ್ಕೆ ಇಂದಿಗೂ 1925ರ ಕಟ್ಟಳೆ, ಅದು ತಂದೆಯ ಕಡೆಯಿಂದ ಬರುವಂಥದ್ದು. ಬ್ರೆಜಿಲಿನಲ್ಲಿ ಹುಟ್ಟಿ ಅರಬ್ಬಿಯ ಗಂಧವಿಲ್ಲದ ಮೊಮ್ಮಗನೂ ತಂದೆಯ ತಂದೆಯ ದಾಖಲೆ ತೋರಿಸಿ ಲೆಬನಾನಿನವನಾಗಲು 2015ರ ಕಾನೂನು ದಾರಿ ಮಾಡಿಕೊಟ್ಟಿತು. ಬೈರೂತಿನಲ್ಲೇ ಹುಟ್ಟಿ ಬೆಳೆದ ಹುಡುಗಿಗೆ ತಾಯಿ ಲೆಬನಾನಿನವಳು, ತಂದೆ ಸಿರಿಯಾದವನು ಎಂದಾದರೆ, ಅವಳು ವಾಸದ ಪರವಾನಗಿ ಹಿಡಿದೇ ಅಲ್ಲಿ ಬಾಳಬೇಕು.