ಮೂರು ಬಣ್ಣದ ಬೆಕ್ಕು ಹೆಣ್ಣೇ ಏಕೆ?

ಕೇಳುಗರಿಗೆ ನಮಸ್ಕಾರ.

ಬಿಳಿ, ಕಪ್ಪು ಮತ್ತು ಕೆಂಚು ಬಣ್ಣಗಳು ಮೈಮೇಲೆ ತೇಪೆ ಹಾಕಿದಂತೆ ಹರಡಿಕೊಂಡಿರುವ ಬೆಕ್ಕನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಅಂಥ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ ಆಗಿರುತ್ತದೆ. ಹೀಗೇಕೆ ಎಂಬುದು ತಿಳಿಯಲು ಕಳೆದ ಶತಮಾನದ ನಡುಭಾಗದವರೆಗೆ ಕಾಯಬೇಕಾಯಿತು.

ಬೆಕ್ಕಿನ ರೋಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ವರ್ಣದ್ರವ್ಯ. ಅದರಲ್ಲಿ ಎರಡೇ ಬಗೆ: ಒಂದು ಕಪ್ಪಿನದು, ಇನ್ನೊಂದು ಕೆಂಚಿನದು. ಬೂದು ಬೆಕ್ಕಿನಲ್ಲಿರುವುದೂ ಕಪ್ಪೇ. ಆದರೆ ಅದು ಕೂದಲಿನಲ್ಲಿ ಸಮನಾಗಿ ಹರಡದೆ ಗುಂಪುಗುಂಪಾಗಿ ಕೂತಿರುವುದರಿಂದ ನಮ್ಮ ಕಣ್ಣಿಗೆ ಮಸುಕಾಗಿ ಕಾಣುತ್ತದೆ. ಬಿಳಿಯನ್ನಂತೂ ಬಣ್ಣವೆಂದು ಎಣಿಸುವಂತೆಯೇ ಇಲ್ಲ. ಭ್ರೂಣದ ಬೆನ್ನಿನ ಕಡೆ ಹುಟ್ಟಿ ಮೈಯೆಲ್ಲ ಹರಡಬೇಕಾದ ವರ್ಣಕೋಶಗಳು ತಲುಪದೆ ಉಳಿದ ಜಾಗವೇ ಬಿಳಿ. ಹೊಟ್ಟೆ, ಎದೆ, ಪಾದಗಳು ಬೆನ್ನಿನಿಂದ ದೂರವಿರುವುದರಿಂದ ಬಿಳಿ ಮೊದಲು ಅಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಬೆಕ್ಕಿನ ಜೀವಕೋಶದಲ್ಲಿ 38 ವರ್ಣತಂತುಗಳಿವೆ. ಅವುಗಳಲ್ಲಿ ಎರಡು ಲಿಂಗವನ್ನು ನಿರ್ಧರಿಸುತ್ತವೆ: ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಮತ್ತು ಒಂದು ವೈ. ಕೆಂಚು ಬಣ್ಣದ ವಂಶವಾಹಿ ಇರುವುದು ಈ ಎಕ್ಸ್‌ನ ಮೇಲೆ. ಗಂಡುಮರಿಗೆ ಎಕ್ಸ್ ತಾಯಿಯಿಂದ ಮಾತ್ರ ಬರುವುದರಿಂದ ಅದು ಕೆಂಚು ಇಲ್ಲವೇ ಕಪ್ಪು, ಎರಡರಲ್ಲಿ ಒಂದಾಗಬೇಕು. ಹೀಗಾಗಿ ಕಪ್ಪು ತಾಯಿಗೆ ಕೆಂಚು ಬೆಕ್ಕಿನಿಂದ ಹುಟ್ಟಿದ ಗಂಡುಮರಿಗಳಲ್ಲಿ ಒಂದೂ ಕೆಂಚಾಗುವುದಿಲ್ಲ, ಹೆಣ್ಣುಮರಿಗಳಾದರೋ ಎರಡೂ ಬಣ್ಣಗಳನ್ನು ಹೊತ್ತು ಹುಟ್ಟುತ್ತವೆ. ಅಟ್ಟದ ಮೇಲೆ ಬೆಕ್ಕು ಮರಿ ಹಾಕಿದಾಗ, ಎಲ್ಲಕ್ಕೂ ಅಪ್ಪ ಒಂದೇ ಎಂಬ ಖಾತರಿಯಿದ್ದರೆ, ಈ ಲೆಕ್ಕವನ್ನು ನೀವೇ ತಾಳೆ ನೋಡಬಹುದು. ಆದರೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರುವುದು ಬೆಕ್ಕುಗಳಲ್ಲಿ ಸಾಮಾನ್ಯ ಸಂಗತಿ.

ಎರಡು ಎಕ್ಸ್ ಇರುವ ಹೆಣ್ಣಿನಲ್ಲಿ ಎರಡು ಬಣ್ಣಗಳೂ ಬೆರೆತು ನಡುವಿನ ಒಂದು ಬಣ್ಣವಾಗದೆ, ಬಿಡಿಬಿಡಿ ತೇಪೆಗಳಾಗಿ ನಿಲ್ಲುವುದೇಕೆ? ಇದರ ಮೊದಲ ಸುಳಿವು ಸಿಕ್ಕಿದ್ದೂ ಬೆಕ್ಕಿನಲ್ಲಿಯೇ. 1949ರಲ್ಲಿ ಕೆನಡಾದ ವಿಜ್ಞಾನಿ ಮರ್ರೆ ಬಾರ್ ಮತ್ತು ಅವರ ವಿದ್ಯಾರ್ಥಿ ಇವಾರ್ಟ್ ಬರ್ಟ್ರಾಮ್ ಬೆಕ್ಕಿನ ನರಕೋಶಗಳನ್ನು ಪರೀಕ್ಷಿಸುತ್ತಿದ್ದಾಗ, ಹೆಣ್ಣಿನ ಕೋಶಗಳಲ್ಲಿ ಮಾತ್ರ ಒಂದು ಕಪ್ಪು ಚುಕ್ಕೆಯನ್ನು ಕಂಡರು. ಅವರು ಹುಡುಕುತ್ತಿದ್ದುದು ಅದನ್ನಲ್ಲ, ನರಗಳ ದಣಿವಿನ ಗುರುತನ್ನು. ಆ ಚುಕ್ಕೆ ಮುದುಡಿಕೊಂಡು ಸುಮ್ಮನಾದ ಎಕ್ಸ್ ವರ್ಣತಂತು ಎಂಬುದು ಆಮೇಲೆ ತಿಳಿಯಿತು. 1961ರಲ್ಲಿ ಇಂಗ್ಲೆಂಡಿನ ಮೇರಿ ಲಿಯಾನ್, ಇಲಿಗಳ ಮೈಬಣ್ಣವನ್ನು ಆಧರಿಸಿ ಇದಕ್ಕೆ ಅರ್ಥ ಕೊಟ್ಟರು. ಹೆಣ್ಣು ಭ್ರೂಣ ಇನ್ನೂ ಎಳೆಯದಾಗಿರುವಾಗಲೇ ಪ್ರತಿಯೊಂದು ಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮುಚ್ಚಿಬಿಡುತ್ತದೆ. ಯಾವುದನ್ನು ಮುಚ್ಚಬೇಕೆಂಬುದು ಚೀಟಿ ಎತ್ತಿದಂತೆ ಆಕಸ್ಮಿಕ. ಆದರೆ ಒಮ್ಮೆ ಮುಚ್ಚಿದ ಮೇಲೆ ಆ ಕೋಶದ ಸಂತತಿಯೆಲ್ಲ ಅದೇ ತೀರ್ಮಾನಕ್ಕೆ ಬದ್ಧ. ಬೆಕ್ಕಿನ ಮೈಮೇಲಿನ ಒಂದೊಂದು ತೇಪೆಯೂ ಹೀಗೆ ಒಂದೇ ತೀರ್ಮಾನಕ್ಕೆ ಕಟ್ಟುಬಿದ್ದ ವರ್ಣಕೋಶಗಳ ನೆಲೆ.

ಲಿಯಾನ್ ಅವರ ವಿವರಣೆ ಬಂದಾಗ ಕೆಂಚಿನ ವಂಶವಾಹಿ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಅದನ್ನು 2025ರಲ್ಲಿ ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ತಂಡವೂ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ತಂಡವೂ ಬೇರೆ ಬೇರೆಯಾಗಿ ಪ್ರಕಟಿಸಿದವು. ಜಪಾನಿನ ತಂಡದ ಕೆಲಸಕ್ಕೆ ಬೆಕ್ಕುಪ್ರಿಯರು ಚಂದಾ ಎತ್ತಿ ಹಣ ಕೊಟ್ಟಿದ್ದರು ಎಂಬುದು ಕೇಳಲು ಹಿತವಾದ ಸಂಗತಿ. ಎಆರ್‌ಎಚ್‌ಜಿಎಪಿ36 ಎಂಬ ವಂಶವಾಹಿಯ ಒಳಗೆ ಸುಮಾರು 5,100 ಅಕ್ಷರಗಳಷ್ಟು ಡಿಎನ್‌ಎ ಅಳಿಸಿಹೋಗಿದೆ. ಅದರಿಂದಾಗಿ, ವರ್ಣಕೋಶದಲ್ಲಿ ಸುಮ್ಮನಿರಬೇಕಾದ ಆ ವಂಶವಾಹಿ ಎಚ್ಚೆತ್ತು ಕಪ್ಪು ತಯಾರಾಗುವ ದಾರಿಗೆ ಅಡ್ಡ ನಿಲ್ಲುತ್ತದೆ.

ಮೂರು ಬಣ್ಣದ ಗಂಡುಬೆಕ್ಕು ಇಲ್ಲವೇ ಇಲ್ಲವೆಂದಲ್ಲ. ಸಾಮಾನ್ಯವಾಗಿ ಕೊಡುವ ಅಂದಾಜು 3,000ಕ್ಕೆ ಒಂದು. ಅಂಥವು ಬಹುಮಟ್ಟಿಗೆ ಎರಡು ಎಕ್ಸ್ ಜೊತೆಗೆ ಒಂದು ವೈ ಪಡೆದು 39 ವರ್ಣತಂತುಗಳೊಂದಿಗೆ ಹುಟ್ಟಿದವು. ಅವುಗಳಿಗೆ ಸಾಮಾನ್ಯವಾಗಿ ಮರಿಗಳಾಗುವುದಿಲ್ಲ.

ಇನ್ನು, ಈ ಚೀಟಿ ಎತ್ತುವಿಕೆ ಎಷ್ಟು ಗಟ್ಟಿಯಾದದ್ದು ಎಂಬುದಕ್ಕೆ ಅಮೆರಿಕದ ಟೆಕ್ಸಾಸ್‌ನ ಒಂದು ಬೆಕ್ಕಿನ ಕಥೆಯಿದೆ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ರೇನ್‌ಬೋ, ಅಂದರೆ ಕಾಮನಬಿಲ್ಲು, ಎಂಬ ಮೂರು ಬಣ್ಣದ ಬೆಕ್ಕಿನ ಒಂದು ಕೋಶದಿಂದ ತದ್ರೂಪಿಯನ್ನು ಸೃಷ್ಟಿಸಲು ಯತ್ನಿಸಿದರು. ಗರ್ಭದಲ್ಲಿರಿಸಿದ 87 ಭ್ರೂಣಗಳಲ್ಲಿ ಜೀವಂತವಾಗಿ ಹುಟ್ಟಿದ್ದು ಒಂದೇ ಒಂದು, 2001ರ ಡಿಸೆಂಬರ್ 22ರಂದು. ಸಿಸಿ ಎಂದು ಹೆಸರಿಟ್ಟ ಆ ಮರಿಯ ವಂಶವಾಹಿಗಳು ರೇನ್‌ಬೋದವೇ, ಆದರೆ ಮೈಮೇಲೆ ಕಂದು ಪಟ್ಟೆ ಮತ್ತು ಬಿಳಿ ಮಾತ್ರ. ಕೋಶ ಕೊಟ್ಟ ಕ್ಷಣಕ್ಕೆ ಬಹಳ ಮೊದಲೇ ಆ ಕೋಶದಲ್ಲಿ ಕೆಂಚಿನ ಎಕ್ಸ್ ಮುದುಡಿತ್ತು. ಹೊಸ ಜನ್ಮದಲ್ಲಿಯೂ ಅದು ಬಿಚ್ಚಿಕೊಳ್ಳಲಿಲ್ಲ ಎಂಬುದೇ ಇದಕ್ಕೆ ಕೊಡುವ ವಿವರಣೆ. ಸಿಸಿ ತಾನೂ ಮರಿ ಹಾಕಿ, 18 ವರ್ಷ ಬದುಕಿ, 2020ರ ಮಾರ್ಚ್‌ನಲ್ಲಿ ತೀರಿಕೊಂಡಿತು. ರೇನ್‌ಬೋನ ಕೆಂಚು ತೇಪೆ ಅದರ ಮೈಮೇಲೆ ಕೊನೆಯವರೆಗೂ ಮೂಡಲಿಲ್ಲ.

ನಮಸ್ಕಾರ.